ದೊಡ್ಡವ್ವನ ಕಿವಿಯ ಕೆಳಗಿನ ಗಂಟು

ಎಂ.ಎಸ್. ಪರೀಕ್ಷೆಯಲ್ಲಿ ನಾನು ಮೊದಲ ಸಲ ನಪಾಸಾದದ್ದು ರೋಗಿಯನ್ನು ಪರೀಕ್ಷಿಸಿ ರೋಗ ಹೇಳುವ ದಿನ. ಬರೆಯುವ ಪರೀಕ್ಷೆ ಚೆನ್ನಾಗಿಯೇ ಆಗಿತ್ತು. ಆದರೆ ಒಬ್ಬ ಮುದುಕನ ಹೊಟ್ಟೆಯ ಮೇಲೆ ಕೈಯಿಟ್ಟಾಗ ನನ್ನ ಬೆರಳು ನಡುಗಿ, ಒತ್ತಬಾರದ ಕಡೆ ಒತ್ತಿಬಿಟ್ಟೆ. ಆತ ಚೀರಿದ. ಪರೀಕ್ಷಕರು ನನ್ನ ಮುಖವನ್ನೂ ನೋಡದೆ, “ಇವರಿಗೆ ರೋಗಿಯನ್ನು ಮುಟ್ಟಲು ಬರುವುದಿಲ್ಲ” ಎಂದು ಪಕ್ಕದವರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅರವತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಕೇರಿಯಿಂದ ಡಾಕ್ಟರಾದವನು ನಾನೊಬ್ಬನೇ. ಆ ಮಾತು ನನಗೆ ಎಲ್ಲಿ ತಗುಲಿತೆಂಬುದು ಅವರಿಗೆ ಗೊತ್ತಾಗುವಂತಿರಲಿಲ್ಲ.

ಊರ ಕಡೆ ಮರಳಿ, ಗೋಕಾಕದಲ್ಲಿ ಒಬ್ಬ ಹಿರಿಯ ಸರ್ಜನ್ನರ ಖಾಸಗಿ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಕೈ ಪಳಗಲಿ ಎಂಬ ಆಸೆ. ಅವರ ಚಾಕು ಹಾಯ್ದಲ್ಲಿ ರಕ್ತ ಕೂಡ ಅಂಜಿ ಅಂಜಿ ಬರುತ್ತಿತ್ತು, ಅಂಥ ಸರ್ಜನ್. ಬಾಯಿ ಮಾತ್ರ ಬಹಳ ಕೆಟ್ಟದ್ದು. ನನ್ನ ಕೈಗೆ ಚಾಕು ಕೊಡಲೇ ಇಲ್ಲ. ಹೊಟ್ಟೆ ಕೊಯ್ದಾಗ ಅಂಚನ್ನು ಎಳೆದು ಹಿಡಿಯುವ ಉಕ್ಕಿನ ಕೊಕ್ಕೆ ಹಿಡಿದು ನಿಲ್ಲುವುದು, ಕೊನೆಗೆ ಚರ್ಮಕ್ಕೆ ಹೊಲಿಗೆ ಹಾಕುವುದು ನನ್ನ ಪಾಲಿನ ಕೆಲಸ. ಒಂದು ದಿನ ನನ್ನ ಹೊಲಿಗೆಯನ್ನು ಬಗ್ಗಿ ನೋಡಿ, ನರ್ಸಬಾಯಿಯ ಎದುರಿಗೇ,

“ಭಾಳ ಛಲೋ ಹೊಲಿತೀಪಾ. ಚರ್ಮದ ಕೆಲಸ ನಿಮ್ಮ ಮಂದಿಗೆ ರಕ್ತದಾಗ ಬಂದಿರತೈತಿ ನೋಡು” ಎಂದರು.

ನರ್ಸಬಾಯಿ ತಲೆ ತಗ್ಗಿಸಿದರು. ನಾನು ದಾರ ಕತ್ತರಿಸಿ, “ಹೌದ್ರಿ ಸರ್” ಎಂದೆ. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಹಾಕಿ ನಾವು ಐದಾರು ವರ್ಷವಾಗಿತ್ತು. ಆದರೂ ಬಾಯಿಗೆ ಬಂದದ್ದು ಆ ‘ಹೌದ್ರಿ’ಯೇ. ಅವರ ಇಂಥ ಮಾತುಗಳನ್ನು ಬರೆಯುತ್ತ ಹೋದರೆ ಹಾಳೆ ಸಾಲುವುದಿಲ್ಲ. ಆದರೆ ನಾನು ಹೇಳಬೇಕಾದದ್ದು ನಾನು ಮಾಡಿದ್ದನ್ನು.

ನನ್ನ ಜೊತೆಗೇ ನಪಾಸಾಗಿದ್ದ ಗೆಳೆಯನೊಬ್ಬ ಹುಕ್ಕೇರಿಯಲ್ಲಿದ್ದ. ಒಕ್ಕಲುತನದ ಮನೆಯವನು, ಅಲ್ಲಿಯೇ ಸಣ್ಣದೊಂದು ದವಾಖಾನೆ ಇಟ್ಟಿದ್ದ. ರವಿವಾರ ನಾನು ಬಸ್ಸು ಹಿಡಿದು ಅವನಲ್ಲಿಗೆ ಹೋಗುತ್ತಿದ್ದೆ. ಒಬ್ಬರನ್ನೊಬ್ಬರು ಮಂಚದ ಮೇಲೆ ಮಲಗಿಸಿ, ಇಲ್ಲದ ಗಂಟುಗಳನ್ನು ಒತ್ತಿ, ಪರೀಕ್ಷಕರ ಹಾಗೆ ಪ್ರಶ್ನೆ ಕೇಳಿಕೊಳ್ಳುತ್ತಿದ್ದೆವು. ಒಂದು ದಿನ ಅವನಿಗೇ ಬೇಸರ ಬಂತು.

“ಹಿಂಗ ಸುಳ್ಳ ಸುಳ್ಳ ಒತ್ತಿಕೋತ ಕುಂತರ ಮತ್ತ ನಪಾಸ ಆಗೂದ. ಖರೆ ಖರೆ ರೋಗಿ ಬೇಕೋ.”

“ನಮ್ಮ ದೊಡ್ಡವ್ವಗ ಒಂದ ಗಂಟೈತಿ” ಎಂದೆ. ಹೇಳುವಾಗ ಹೆಮ್ಮೆಯಾಯಿತು, ನನ್ನ ಹತ್ತಿರವೂ ಏನೋ ಆಸ್ತಿಯಿದೆ ಎನ್ನುವ ಹಾಗೆ.

ದೊಡ್ಡವ್ವ ನನ್ನ ಅವ್ವನ ಅಕ್ಕ. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ. ಅಂದಿನಿಂದ ತನ್ನ ಮಗನ ಜೊತೆ ನನ್ನನ್ನೂ ಬೆಳೆಸಿದವಳು ಇವಳೇ. ಮಸಗುಪ್ಪಿಯಲ್ಲಿ ಬೇರೆಯವರ ಕಬ್ಬಿನ ಹೊಲದಲ್ಲಿ ದುಡಿಯುತ್ತಿದ್ದಳು. ಕಬ್ಬಿನ ಗರಿ ತಾಗಿ ಮೊಣಕೈವರೆಗೂ ಗೀರುಗಳು. ಅವಳ ಎಡಗಿವಿಯ ಕೆಳಗೆ ನಿಂಬೆಕಾಯಿಯಷ್ಟು ಗಂಟೆದ್ದು ಆರೇಳು ವರ್ಷವಾಗಿತ್ತು. ನೋವಿರಲಿಲ್ಲ. ಉಗುಳು ಸುರಿಸುವ ಗ್ರಂಥಿಯಲ್ಲಿ ಹುಟ್ಟುವ ಗಂಟು ಅದು. ಕಣ್ಣು, ತುಟಿ, ಗಲ್ಲಗಳನ್ನು ಆಡಿಸುವ ನರ ಆ ಗ್ರಂಥಿಯ ಮೂಲಕವೇ ಹಾಯ್ದು ಹೋಗುತ್ತದೆ. ಅದಕ್ಕೇ ಪರೀಕ್ಷಕರಿಗೆ ಇಂಥ ಗಂಟೆಂದರೆ ಪ್ರೀತಿ. ವರ್ಷಾನುಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಕ್ಯಾನ್ಸರಾಗಿ ಕೆಡಬಹುದು, ಕೆಡುವ ಮೊದಲೇ ತೆಗೆದುಬಿಡಬೇಕು. ಇದು ಪುಸ್ತಕದ ಯಾವ ಪುಟದಲ್ಲಿದೆ ಎಂಬುದೂ ನನಗೆ ಬಾಯಿಪಾಠವಾಗಿತ್ತು.

“ತಮ್ಮಾ, ಇದನ್ನ ತಗದ ಒಗದ ಬಿಡೋ. ಹೊರಿ ಹೊತ್ತಾಗ ಅಡ್ಡ ಬರತೈತಿ” ಎಂದು ಅವಳು ಕೇಳಿದ್ದಳು.

“ನನ್ನ ಪರೀಕ್ಷಾ ಆಗಲಿ, ದೊಡ್ಡವ್ವಾ. ಸರ್ಜನ್ ಆಗಿ ನಾನ ತಗೀತೇನಿ.”

“ಹಂಗಂದ್ರ ಇರಲಿ ಬಿಡು. ನಿನ್ನ ಕೈಲೇ ಆಗಲಿ.”

ಗೋಕಾಕದ ಸರ್ಜನ್ನರ ಬಳಿ ಒಯ್ಯಬಹುದಿತ್ತು. ಅವಳ ಬರಿಗಾಲು, ತೇಪೆ ಹಾಕಿದ ಸೀರೆ ನೋಡಿ ಅವರು ಏನಂದಾರೋ ಎಂದು ನಾಚಿಕೆಯಾಯಿತು. ಅದಷ್ಟೇ ಅಲ್ಲ. ಗಂಟು ತೆಗೆದರೆ ನನ್ನ ಕೈಯಲ್ಲಿದ್ದ ಒಂದೇ ಒಂದು ಕೇಸು ಹೋಗುತ್ತಿತ್ತು. ಇದನ್ನು ಆಗ ನನಗೆ ನಾನೂ ಹೇಳಿಕೊಂಡಿರಲಿಲ್ಲ.

ಅಲ್ಲಿಂದ ನಮ್ಮ ರವಿವಾರಗಳು ಮಸಗುಪ್ಪಿಗೆ ಬಂದವು. ಮೂಡಲಗಿಯಲ್ಲಿ ಬಸ್ಸು ಇಳಿದು, ಚಕ್ಕಡಿ ಸಿಕ್ಕರೆ ಚಕ್ಕಡಿ, ಇಲ್ಲದಿದ್ದರೆ ಕಾಲ್ನಡಿಗೆ. ವಾರಕ್ಕೆ ಒಂದೇ ಬಿಡುವಿನ ದಿನ ಅವಳಿಗೆ. ಜಳಕ ಮಾಡಿ, ತಲೆ ಬಾಚಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಗೆಳೆಯ ಕ್ರಮವಾಗಿ ಹೇಳುತ್ತಿದ್ದ: ಕಣ್ಣು ಮುಚ್ಚು, ಹಲ್ಲು ತೋರಿಸು, ಗಲ್ಲ ಉಬ್ಬಿಸು, ಸಿಳ್ಳೆ ಹಾಕು. ಸಿಳ್ಳೆ ಹಾಕಲು ಬಾರದೆ ಅವಳು ಉಸ್ ಎಂದರೆ ಕೇರಿಯ ಹೆಂಗಸರು ನಗುತ್ತಿದ್ದರು. ಮೂರು ತಿಂಗಳಾಗುವಷ್ಟರಲ್ಲಿ ಅವಳೇ ತಿದ್ದತೊಡಗಿದಳು.

“ಕಿವಿ ಎತ್ತಿ ನೋಡೂದ ಮರತ್ರಿ ನೋಡ್ರಿ, ಡಾಕ್ಟರ್ರ.”

ಸುದ್ದಿ ಹಬ್ಬಿತು. ದೀಪಾವಳಿಯ ಮರುವಾರ ಬೆಳಗಾವಿಯಿಂದ ಪರೀಕ್ಷೆಗೆ ಕೂಡುವ ಇನ್ನೂ ನಾಲ್ವರು ನಮ್ಮ ಜೊತೆ ಬಂದರು. ಸರದಿಯಂತೆ ಗಂಟನ್ನು ಒತ್ತಿದರು, ಹಿಡಿದು ಅಲುಗಾಡಿಸಿದರು, ಬಾಯೊಳಗೆ ಬೆರಳು ಹಾಕಿ ಒಳಗಿನಿಂದಲೂ ನೋಡಿದರು. ಅವಳಿಗೆ ಓಕರಿಕೆ ಬಂದು ಕಣ್ಣಲ್ಲಿ ನೀರು ಬಂತು. ಅವರು ಅವಳ ತಲೆಯ ಮೇಲಿನಿಂದಲೇ ಇಂಗ್ಲಿಷಿನಲ್ಲಿ ವಾದ ಮಾಡುತ್ತಿದ್ದರು. ಒಬ್ಬ ನನ್ನ ಹೆಗಲು ತಟ್ಟಿ, ಇಂಗ್ಲಿಷಿನಲ್ಲೇ, “ಪರೀಕ್ಷೆ ಮುಗಿಯುವ ತನಕ ಇದಕ್ಕೆ ಯಾರೂ ಚಾಕು ಹಚ್ಚದ ಹಾಗೆ ನೋಡಿಕೋ” ಎಂದ. ಎಲ್ಲರೂ ನಕ್ಕೆವು. ಮಾತು ತಿಳಿಯದೆ ದೊಡ್ಡವ್ವನೂ ನಕ್ಕಳು.

ಆಮೇಲೆ ಅವಳು ಬಾಜೂ ಮನೆಯಿಂದ ಕಪ್ಪುಬಸಿ ತಂದು ಬೆಲ್ಲದ ಚಹಾ ಮಾಡಿ ಇಟ್ಟಳು. ಒಬ್ಬನಿಗೆ ಪಿತ್ತ, ಇನ್ನೊಬ್ಬನಿಗೆ ಉಪವಾಸ, ಉಳಿದಿಬ್ಬರಿಗೆ ಬಸ್ಸಿನ ಅವಸರ. ಹುಕ್ಕೇರಿಯ ಗೆಳೆಯ ಕಪ್ಪು ಎತ್ತಿದ್ದ; ಅವರ ಮುಖ ನೋಡಿ ಮೆಲ್ಲಗೆ ಕೆಳಗಿಟ್ಟ. ಐವರೂ ಆಗಷ್ಟೇ ಅವಳ ಬಾಯೊಳಗೆ ಬೆರಳಿಟ್ಟವರು. ಸಾಬೂನು ತಾವೇ ತಂದಿದ್ದರು. ಅವಳು ನೀರು ಹಾಕಿದಳು, ಬಹಳ ಹೊತ್ತು ಕೈ ತೊಳೆದುಕೊಂಡರು. ನಾನು ನನ್ನ ಪಾಲಿನ ಚಹಾ ಕುಡಿದು ಸುಮ್ಮನೆ ಕೂತೆ. ಅವರ ಹತ್ತಿರ ಒಳ್ಳೆಯ ಟಿಪ್ಪಣಿಗಳಿದ್ದವು, ನನಗೆ ಅವು ಬೇಕಾಗಿದ್ದವು. ಅವರು ಹೊರಟುಹೋದ ಮೇಲೆ ದೊಡ್ಡವ್ವ ಐದೂ ಕಪ್ಪು ಮತ್ತೆ ಪಾತ್ರೆಗೆ ಸುರಿಯುತ್ತ, “ಭಾಳ ಓದಿದವರು ಚಹಾ ಕುಡಿಯೂದಿಲ್ಲೇನೋ” ಎಂದಳು. ಅವಳಿಗೆ ಗೊತ್ತಿರಲಿಲ್ಲವೆಂದು ಹೇಗೆ ಹೇಳಲಿ? ನನ್ನ ಮುಖ ಉಳಿಸಲು ಹಾಗೆಂದಳು.

ಸಂಕ್ರಮಣ ಕಳೆದ ಮೇಲೆ ಒಂದು ರವಿವಾರ ಅವಳೇ ಹೇಳಿದಳು: “ತಮ್ಮಾ, ಗಂಟಿನಾಗ ಸೂಜಿಲೇ ಚುಚ್ಚಿದಂಗ ಆಗಾಕತ್ತೈತಿ.”

ಕೈಯಿಟ್ಟು ನೋಡಿದೆ. ಗಂಟು ದೊಡ್ಡದಾಗಿತ್ತು, ಗಟ್ಟಿಯಾಗಿತ್ತು, ಅಲುಗಾಡಿಸಿದರೆ ಅಲುಗುತ್ತಿರಲಿಲ್ಲ. ಆ ಕ್ಷಣ ನನಗೆ ಮೊದಲು ಆದದ್ದು ಭಯವಲ್ಲ, ಖುಷಿ. ಪುಸ್ತಕದಲ್ಲಿ ಓದಿದ್ದು ಬೆರಳಿಗೆ ಸಿಕ್ಕಿತ್ತು. ವಹಿ ತೆಗೆದು ಬರೆದುಕೊಂಡೆ. ಗೆಳೆಯ ಅದನ್ನು ಓದಿ, ತಾನೂ ಒತ್ತಿ ನೋಡಿ, ನನ್ನನ್ನು ಮನೆಯ ಹಿಂದಕ್ಕೆ ಕರೆದೊಯ್ದ.

“ಇದ ಕೆಟ್ಟೈತಿ. ನಾಳೆನ ಮಿರಜದ ದೊಡ್ಡ ದವಾಖಾನಿಗೆ ಕರಕೊಂಡ ಹೋಗು.”

“ಪರೀಕ್ಷಾ ಐದ ವಾರ ಉಳದೈತಿ.”

“ಹುಚ್ಚ ಹಿಡದೈತೇನ ನಿನಗ? ಆಕಿ ನಿನ್ನ ದೊಡ್ಡವ್ವ ಅದಾಳ.”

“ಐದ ವಾರದಾಗ ಏನೂ ಆಗೂದಿಲ್ಲ. ಮಿರಜಕ್ಕ ಹೋದ್ರ ನಾನ ಅಲ್ಲೇ ಕುಂದರಬೇಕಾಗತೈತಿ. ಈ ಸಲಾನೂ ಹೋತಂದ್ರ ನಂದ ಮುಗೀತು.”

ಮರುವಾರದಿಂದ ಅವನು ಬರುವುದನ್ನೇ ಬಿಟ್ಟ. ಅವಳನ್ನು ಅವನೂ ಮಿರಜಕ್ಕೆ ಒಯ್ಯಲಿಲ್ಲ. ಅವನಿಗೂ ಅದೇ ಪರೀಕ್ಷೆ ಇತ್ತು.

ನಾನು ಒಳಗೆ ಬಂದು ದೊಡ್ಡವ್ವನಿಗೆ, “ಥಂಡಿಗೆ ಹಂಗ ಆಗತೈತಿ. ಬಿಸಿ ಉಪ್ಪಿನ ಶಾಖಾ ಕೊಡು” ಎಂದೆ. ಅವಳು ನಂಬಿದಳು. ದಿನಾಲೂ ಶಾಖ ಕೊಟ್ಟುಕೊಂಡು ಗಲ್ಲ ಸುಟ್ಟುಕೊಂಡಳು.

ಪರೀಕ್ಷೆಯ ದಿನ ನನಗೆ ಸಿಕ್ಕವಳು ಎದೆಯಲ್ಲಿ ಗಂಟಿದ್ದ ನೇಕಾರ ಹೆಂಗಸು. ಬೆಳಗಿನಿಂದ ಎಷ್ಟು ಜನ ಒತ್ತಿದ್ದರೋ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು “ಅವ್ವಾ, ನೋಡ್ಲೇನ್ರಿ?” ಎಂದು ಕೇಳಿ, ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅವಳ ಮುಖ ನೋಡುತ್ತ ನೋಡುತ್ತ ಒತ್ತಿದೆ. ಎಲ್ಲಿ ನೋಯುತ್ತದೆಂದು ರೋಗಿಯ ಹುಬ್ಬು ಮೊದಲು ಹೇಳುತ್ತದೆ. ಇದನ್ನೆಲ್ಲ ನಾನು ಮಸಗುಪ್ಪಿಯ ಕಟ್ಟೆಯ ಮೇಲೆ ಕಲಿತದ್ದು. ಒಬ್ಬ ಪರೀಕ್ಷಕರು ಇನ್ನೊಬ್ಬರಿಗೆ, “ಈತನಿಗೆ ರೋಗಿಯ ಮೇಲೆ ಕರುಣೆ ಇದೆ” ಎಂದರು. ನಾನು ಪಾಸಾದೆ.

ಫಲಿತಾಂಶ ಹಿಡಿದುಕೊಂಡೇ ಮಸಗುಪ್ಪಿಗೆ ಹೋದೆ. ದೊಡ್ಡವ್ವ ಹೊಸ್ತಿಲ ಒಳಗೆ ಅರ್ಧ ಮುಖಕ್ಕೆ ಸೆರಗು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಅವಳ ಮಗ, ನನಗಿಂತ ಹಿರಿಯ, ನಾನು ಅಣ್ಣ ಎನ್ನುತ್ತಿದ್ದವನು.

“ಪಾಸ ಆದ್ಯಾ?” ಎಂದಳು. ಮಾತು ಬಾಯಿಯ ಒಂದೇ ಮಗ್ಗುಲಿನಿಂದ ಜಾರಿ ಬಂತು.

ಸೆರಗು ಸರಿಸಿದೆ. ಎಡಗಣ್ಣು ತೆರೆದೇ ಇತ್ತು, ನೀರು ಸೋರುತ್ತಿತ್ತು. ಏನೂ ತೋಚದೆ, ರೂಢಿಯಿಂದ, “ಕಣ್ಣ ಮುಚ್ಚು, ದೊಡ್ಡವ್ವಾ” ಎಂದೆ. ಬಲಗಣ್ಣು ಮಾತ್ರ ಮುಚ್ಚಿತು. ಅವಳು ನಾನು ಹೇಳುವುದನ್ನು ಕಾಯಲಿಲ್ಲ. ತಾನೇ ಹಲ್ಲು ತೋರಿಸಿದಳು. ತುಟಿ ಪೂರ್ತಿ ಬಲಕ್ಕೆ ಎಳೆಯಿತು. ಗಲ್ಲ ಉಬ್ಬಿಸಲು ಹೋದಳು. ಗಾಳಿ ಪುಸ್ಸೆಂದು ಹೊರಬಿತ್ತು. ಸಿಳ್ಳೆ ಹಾಕಲು ತುಟಿ ಕೂಡಿಸುತ್ತಿದ್ದಾಗ ಅಣ್ಣ ಎದ್ದು ನಿಂತ.

“ಸಾಕ ಬಿಡಬೇ ಯವ್ವಾ. ಅವನ ಪರೀಕ್ಷಾ ಮುಗದೈತಿ.”

ಆಗ ಮಾತ್ರ ಅವಳನ್ನು ಗೋಕಾಕದ ಸರ್ಜನ್ನರ ಬಳಿ ಕರೆದೊಯ್ದೆ. ಅವರು ಅವಳ ಸೀರೆ ನೋಡಲಿಲ್ಲ, ಕಾಲು ನೋಡಲಿಲ್ಲ. ಬಹಳ ಹೊತ್ತು ಮೆಲ್ಲಗೆ ಗಂಟು ಮುಟ್ಟಿ ನೋಡಿ, ಅವಳ ಕಣ್ಣೊರೆಸಿ, ನನ್ನನ್ನು ಪಕ್ಕದ ಕೋಣೆಗೆ ಕರೆದರು.

“ಎಷ್ಟ ದಿನದಿಂದ ಗೊತ್ತಿತ್ತು ನಿನಗ?”

“ಗಂಟು ಮೊದಲಿಂದ ಗೊತ್ತಿತ್ರಿ. ಕೆಟ್ಟದ್ದು ಸಂಕ್ರಮಣದಿಂದ.”

“ಇಷ್ಟ ದಿನಾ ಯಾಕ ತರಲಿಲ್ಲ?”

“ಪರೀಕ್ಷಾ ಇತ್ರಿ ಸರ್” ಎಂದೆ. ಅವರಿಗೆ ತಿಳಿಯಿತು.

“ನಾ ನಿನಗ ಭಾಳ ಹಗರ ಮಾತಾಡೇನಿ. ನಾಳೆನೂ ಆಡ್ತೀನಿ, ನನ್ನ ಬಾಯಿ ಹಂಗ ಐತಿ. ಆದ್ರ ಮನಿ ಮುದುಕಿನ್ನ ಅಭ್ಯಾಸಕ್ಕ ಇಟಗೊಂಡವ ನಾ ಅಲ್ಲಪಾ” ಎಂದು ಹೇಳಿ, ಮಿರಜಕ್ಕೆ ತಾವೇ ಚೀಟಿ ಬರೆದುಕೊಟ್ಟರು.

ಮಿರಜದಲ್ಲಿ ಗಂಟು ತೆಗೆದರು. ನರವೂ ಅದರ ಜೊತೆ ಹೋಯಿತು, ಬೇರೆ ದಾರಿಯಿರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಕುತ್ತಿಗೆಯಲ್ಲಿ ಹೊಸ ಗಂಟುಗಳು ಎದ್ದವು. ನಾನು ವಾರವಾರ ಹೋಗಿ ಗಂಜಿ ಕುಡಿಸುತ್ತಿದ್ದೆ. ಅರ್ಧ ಒಳಗೆ ಹೋದರೆ ಅರ್ಧ ಗಲ್ಲದ ಮೇಲೆ ಇಳಿಯುತ್ತಿತ್ತು. ಒಂದು ದಿನ ಅವಳು ಕೈಸನ್ನೆ ಮಾಡಿ ಹತ್ತಿರ ಕರೆದು, “ಆ ಹುಡುಗೂರೆಲ್ಲಾ ಪಾಸ ಆದ್ರೇನ?” ಎಂದು ಕೇಳಿದಳು. ಇಬ್ಬರು ಮತ್ತೆ ನಪಾಸಾಗಿದ್ದರು. “ಎಲ್ಲಾರೂ ಆದ್ರು” ಎಂದೆ. ಚಲೋ ಆಯಿತೆನ್ನುವಂತೆ ತಲೆಯಾಡಿಸಿದಳು. ನನ್ನ ಮೇಲೆ ಅವಳಿಗೆ ಸಿಟ್ಟೇ ಇರಲಿಲ್ಲ. ಬೈದಿದ್ದರೆ ಬದುಕಲು ಸಲೀಸಾಗುತ್ತಿತ್ತು.

ಬೇಸಿಗೆ ಬರುವ ಮೊದಲೇ ತೀರಿಕೊಂಡಳು. ಅಷ್ಟರಲ್ಲಿ ನಾನು ಗೆಳೆಯನಿದ್ದ ಹುಕ್ಕೇರಿಯಲ್ಲೇ ನನ್ನದೂ ಒಂದು ದವಾಖಾನೆ ತೆರೆದು, ಹೆಸರಿನ ಮುಂದೆ ಎಂ.ಎಸ್. ಎಂದು ಬರೆಸಿದ ಹಲಗೆ ಹಾಕಿದ್ದೆ. ಮಣ್ಣು ಮುಗಿಸಿ ಎಲ್ಲರೂ ಹಳ್ಳದಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಅಣ್ಣ ನನ್ನ ಹತ್ತಿರ ಬಂದ. ದನಿ ಏರಿಸಲಿಲ್ಲ.

“ಇನ್ನ ಮ್ಯಾಲ ಈ ಕಡೆ ಬರಬ್ಯಾಡ. ಹುಡುಗೂರಿಗೆ ಜಡ್ಡ ಬಂದ್ರ ಬ್ಯಾರೆ ಕಡೆ ತೋರಿಸ್ತೇನಿ.”

“ಅಣ್ಣಾ—” ಎಂದೆ.

“ಹೋಗು. ಬಸ್ಸ ತಪ್ಪತೈತಿ.”

ಮರುದಿನ ಹುಕ್ಕೇರಿಯಲ್ಲಿ ಎರಡು ಹರ್ನಿಯಾ ಆಪರೇಷನ್‌ಗಳಿದ್ದವು. ಮುಂದೂಡಬಹುದಿತ್ತು, ಮುಂದೂಡಲಿಲ್ಲ. ಕೈ ನಡುಗಲಿಲ್ಲ. ಎರಡೂ ಚೆನ್ನಾಗಿ ಆದವು. ರೋಗಿಗಳ ಮನೆಯವರು ಬಾಗಿಲಲ್ಲಿ ಕೈಮುಗಿದು ನಿಂತಿದ್ದರು.