ಸೇವೆಗೆ ಬೇಡವೆಂದ ಸ್ಯಾಮುಯೆಲಣ್ಣ

ಪರೀಕ್ಷೆಗೆ ಪ್ರಾರ್ಥನೆ ಮಾಡಿ ಎಂದು ಯಾರಾದರೂ ಕೇಳಿದರೆ ಸ್ಯಾಮುಯೆಲಣ್ಣ ಮೊದಲು, "ಯಾವ ಪಾಠ ಓದಿಲ್ಲ?" ಎನ್ನುತ್ತಿದ್ದರು. ಹೇಳಿದರೆ, "ಅದು ದೇವರ ಕೆಲಸ ಅಲ್ಲಪ್ಪಾ, ನಿಂದು" ಎಂದು ಪುಸ್ತಕ ತೆಗೆಸುತ್ತಿದ್ದರು. ಪ್ರಾರ್ಥನೆ ಆಮೇಲೆ, ಅದೂ ಎರಡೇ ನಿಮಿಷ.

ಕಾಲೇಜು ಹುಡುಗರ ನಡುವೆ ಕ್ರೈಸ್ತ ಸೇವೆ ಮಾಡಲು ಬೆಂಗಳೂರಿನ ಸಂಸ್ಥೆಯೊಂದು ಅವರನ್ನು ನೇಮಿಸಿತ್ತು. ಸೋಮವಾರ ಚಿಕ್ಕಬಳ್ಳಾಪುರ, ಮಂಗಳವಾರ ಗೌರಿಬಿದನೂರು, ಬುಧವಾರ ಶಿಡ್ಲಘಟ್ಟ, ಗುರುವಾರ ತಮ್ಮೂರು ಚಿಂತಾಮಣಿ. ಓಡಾಟವೆಲ್ಲ ಬಸ್ಸಿನಲ್ಲಿ. ರೇಷ್ಮೆಗೂಡಿನ ಮೂಟೆಗಳ ನಡುವೆ ಕೂತು ಬಂದ ದಿನ ಅವರ ಬೈಬಲ್ಲೂ ಗೂಡಿನ ವಾಸನೆ ಹೊಡೆಯುತ್ತಿತ್ತು.

ನಾನಾಗ ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಕಾಲೇಜಿನ ಹಿಂದಿನ ಬಾಡಿಗೆ ಕೋಣೆಯಲ್ಲಿ, ಚಾಪೆಯ ಮೇಲೆ, ಎಂಟು ಹತ್ತು ಜನ ಸೇರುತ್ತಿದ್ದೆವು. ಅರ್ಧ ಜನ ಕ್ರೈಸ್ತರಲ್ಲ. ನಗರಗೆರೆಯ ನಾಗರಾಜ ಬರುತ್ತಿದ್ದದ್ದು ಇಂಗ್ಲಿಷ್ ಕಲಿಯಲು. ಅದನ್ನು ಅವನು ಮುಚ್ಚಿಡಲಿಲ್ಲ, ಅಣ್ಣ ಬೇಸರಪಡಲೂ ಇಲ್ಲ.

ಎರಡನೇ ವರ್ಷದ ಫಲಿತಾಂಶ ಬಂದ ವಾರ ನಾನು ಸಭೆಯಲ್ಲಿ ಎದ್ದು ನಿಂತೆ. "ದೇವರು ನನ್ನನ್ನ ಪೂರ್ಣಾವಧಿ ಸೇವೆಗೆ ಕರೆದಿದ್ದಾರೆ. ಕಾಲೇಜು ಬಿಡ್ತೀನಿ" ಎಂದೆ. ಚಪ್ಪಾಳೆ ಬಿತ್ತು. ಕೆಲವರ ಕಣ್ಣು ಒದ್ದೆಯಾಯಿತು, ನನ್ನದೂ. ಸ್ಯಾಮುಯೆಲಣ್ಣ ಮಾತ್ರ ತಲೆ ಕೆರೆದುಕೊಂಡರು.

"ಎಷ್ಟು ಸಬ್ಜೆಕ್ಟ್ ಹೋಯ್ತಪ್ಪಾ?"

"ಮೂರು."

"ಮೂರೂ ಪಾಸಾಗಿದ್ರೆ ಕರೀತಿದ್ರಾ?"

ಯಾರೋ ಕಿಸಕ್ಕೆಂದರು. ನಾನು ಚಪ್ಪಲಿ ಕೈಯಲ್ಲೇ ಹಿಡಿದು ಹೊರಗೆ ಬಂದೆ.

ಮೂರು ವಾರ ಆ ಕಡೆ ಸುಳಿಯಲಿಲ್ಲ. ಒಂದು ಮಂಗಳವಾರ ಅಣ್ಣನೇ ಗೌರಿಬಿದನೂರಿನ ನಮ್ಮ ಮನೆಗೆ ಬಂದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನ್ನಮ್ಮ ಕಾಫಿ ಕೊಟ್ಟೇ ಜಗಳ ತೆಗೆದರು.

"ಏನಣ್ಣಾ ಇದು? ದೇವರ ಸೇವೆಗೆ ಹೋಗ್ತೀನಿ ಅಂದೋನ್ನ ನೀವೇ ಬೇಡ ಅಂದ್ರಂತೆ! ನಾನು ಚರ್ಚಲ್ಲೆಲ್ಲ ಹೇಳ್ಬಿಟ್ಟಿದೀನಿ."

"ಅಮ್ಮಾ, ಫೇಲಾದೋರ್ನೆಲ್ಲ ಪಾದ್ರಿ ಮಾಡಿದ್ರೆ ಪಾಸಾದೋರು ಯಾರ ಸೇವೆ ಮಾಡ್ತಾರೆ? ಇವನು ಎಲ್ಲಿ ಕೆಲಸ ಮಾಡಿದ್ರೂ ಸುಳ್ಳು ಹೇಳ್ದೆ ಮಾಡ್ಲಿ. ನಾನು ಕಾಲೇಜ್ ಕಾಲೇಜ್ ಸುತ್ತೋದು ಅದಕ್ಕೇನೇ" ಎಂದು ಅಣ್ಣ ನನ್ನ ಕೆಮಿಸ್ಟ್ರಿ ಪುಸ್ತಕ ಕೇಳಿದರು.

ಅವರು ಓದಿದ್ದು ಚರಿತ್ರೆಯ ಬಿ.ಎ. "ನಂಗೇನೂ ಗೊತ್ತಿಲ್ಲಪ್ಪಾ, ನೀನೇ ಹೇಳ್ಕೊಡು" ಎಂದು ಎದುರಿಗೆ ಕೂತರು. ಆಮೇಲೆ ಪ್ರತಿ ಮಂಗಳವಾರ ಅದೇ ಪಾಠ. ಅವರಿಗೆ ಬೆಂಜೀನ್ ಕೊನೆಗೂ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಹೆಣಗಿ ಹೆಣಗಿ ನಾನು ಪಾಸಾದೆ.

ನನಗೆ ಕುಡುಮಲಕುಂಟೆಯ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನಾಗರಾಜ ಮೇಷ್ಟ್ರಾದ. ಅಷ್ಟರಲ್ಲಿ ಸಂಸ್ಥೆಯ ಹಿರಿಯರೊಬ್ಬರು ಲೆಕ್ಕಪತ್ರದಂಥ ಒಂದು ಫಾರಂ ಹಿಡಿದು ಬಂದರು. ಅಣ್ಣ ಸಾಕ್ಷಿಗೆಂದು ನನ್ನನ್ನೂ ಕರೆಸಿದ್ದರು.

"ಆರು ವರ್ಷದಲ್ಲಿ ಎಷ್ಟು ಜನರನ್ನ ಸೇವೆಗೆ ತಂದ್ರಿ, ಬ್ರದರ್?"

"ಸ್ಕೂಲಿಗೆ ಟೈಮಿಗೆ ಹೋಗೋ ಮೇಷ್ಟ್ರು ಒಬ್ಬ ಇದಾನೆ. ಇವನು ಲ್ಯಾಬಲ್ಲಿ ಇಲ್ಲದ ರೀಡಿಂಗ್ ಬರೆಯಲ್ಲ."

"ಅದಕ್ಕೆ ಇದರಲ್ಲಿ ಜಾಗ ಇಲ್ಲ" ಎಂದ ಹಿರಿಯರು ಸೊನ್ನೆ ಬರೆದರು. ಮುಂದಿನ ವರ್ಷ ಅಣ್ಣನ ಜಾಗಕ್ಕೆ ಗಿಟಾರ್ ನುಡಿಸುವ ಯುವಕನೊಬ್ಬ ಬಂದ. ಕೋಣೆ ತುಂಬಿತು. ಸ್ಯಾಮುಯೆಲಣ್ಣ ಚಿಂತಾಮಣಿಯಲ್ಲಿ ಟ್ಯೂಷನ್ ಹೇಳಿಕೊಂಡು ಉಳಿದರು.

ಎರಡೇ ವರ್ಷಕ್ಕೆ ಅವರು ತೀರಿಕೊಂಡರು. ಚಿಂತಾಮಣಿಯ ಚರ್ಚಿನಲ್ಲಿ ನಾನೂ ನಾಗರಾಜನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಪಾದ್ರಿಗಳು ಕೇಳಿದರು: "ಈ ಸಹೋದರರ ಕೈಯಲ್ಲಿ ಬೆಳೆದು ಇವತ್ತು ದೇವರ ಸೇವೆಯಲ್ಲಿರೋರು ಯಾರಾದ್ರೂ ಇದ್ರೆ ದಯವಿಟ್ಟು ಎದ್ದು ನಿಲ್ಲಿ."

ಮುಂದಿನ ಬೆಂಚಿನವರು ಹಿಂದೆ ತಿರುಗಿ ನೋಡಿದರು. ಆಮೇಲೆ ನಾಗರಾಜ ಎದ್ದ. ಪಾದ್ರಿಗಳ ಮುಖ ಅರಳಿತು. ಅವನು ನನ್ನ ಕಿವಿಯಲ್ಲಿ, "ಮಧ್ಯಾಹ್ನ ಕ್ಲಾಸಿದೆ ಕಣೋ, ಅರ್ಧ ದಿನಾನೇ ರಜಾ ಹಾಕಿರೋದು" ಎಂದು, ಅಣ್ಣನ ಶವಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಸ್ಸಿಗೆ ಓಡಿದ.

ನಾನೂ ಎದ್ದು ನಿಲ್ಲಬಹುದಿತ್ತು ಎಂದು ಆಗ ಹೊಳೆಯಿತು. ಅಷ್ಟರಲ್ಲಿ ಪಾದ್ರಿಗಳು ನಿಟ್ಟುಸಿರಿಟ್ಟು ಮುಂದಿನ ಗೀತೆ ಶುರುಮಾಡಿದ್ದರು.