ಕರಿ ಕಂಬಳಿಯ ಆಕಾಶ

ತೊಂಬತ್ತರ ದಶಕದ ಕೊನೆ. ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಶಾಲೆಗೆ ಮೇಷ್ಟ್ರಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ವಾರ್ಷಿಕೋತ್ಸವಕ್ಕೆ ನಾನೇ ಒಂದು ಪುಟ್ಟ ನಾಟಕ ಬರೆದಿದ್ದೆ. ಕುರಿಮರಿ ಹುಡುಕುತ್ತ ಹೋಗಿ ಕತ್ತಲಲ್ಲಿ ದಾರಿ ತಪ್ಪಿದ ಹುಡುಗಿ ನಕ್ಷತ್ರ ನೋಡಿಕೊಂಡು ಮನೆ ಸೇರುವ ಕಥೆ. ಬರೆಯುವಾಗ ಹುರುಪು ಬೇಕಾದಷ್ಟಿತ್ತು; ಆಕಾಶ ಎಲ್ಲಿಂದ ತರುವುದು ಎಂದು ಯೋಚಿಸಿರಲಿಲ್ಲ. ಬಾಡಿಗೆ ಪರದೆ ತರೋಣವೇ ಎಂದರೆ ಹೆಡ್ ಮೇಷ್ಟ್ರು, "ಖರ್ಚಿನ ಮಾತು ಬಿಟ್ಟು ಬ್ಯಾರೆ ಏನರ ಹೇಳ್ರಿ" ಎಂದರು.

ಕಾರ್ಯಕ್ರಮ ಹಗಲಲ್ಲೇ ಆಗಬೇಕಿತ್ತು. ಸಂಜೆಯಾದರೆ ಕರೆಂಟಿನ ಭರವಸೆಯಿಲ್ಲ, ದೂರದ ಮಕ್ಕಳು ಬೆಳಕಿರುವಾಗಲೇ ಮನೆ ಮುಟ್ಟಬೇಕು. ನಾಟಕ ಆಡುವ ಕಟ್ಟೆಯ ಬೆನ್ನು ಪಡುವಣಕ್ಕಿತ್ತು. ನಾಲ್ಕೂವರೆಯ ಬಿಸಿಲು ನೇರ ಅದರ ಹಿಂದಿನಿಂದ ಬೀಳುತ್ತಿತ್ತು. ಕಪ್ಪು ಬಟ್ಟೆಗೆ ತೂತು ಮಾಡಿ ಕಟ್ಟಿದರೆ ಸೂರ್ಯನೇ ನಕ್ಷತ್ರ ಹಚ್ಚುತ್ತಾನೆ ಎಂದು ಹೊಳೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆದರೆ ಹಳೇ ಕಪ್ಪು ಸೀರೆ ಕಟ್ಟಿ ನೋಡಿದರೆ ಬಿಸಿಲೆಲ್ಲ ಸೋರಿ ಬಂತು. ಒಂದೆಳೆ ಬೆಳಕನ್ನೂ ಬಿಡದಿರುವುದು ಕರಿ ಕಂಬಳಿ ಮಾತ್ರ.

ನಾಟಕದ ಹುಡುಗಿಯ ಪಾತ್ರ ಮಾಡುತ್ತಿದ್ದವಳು ನಾಲ್ಕನೇ ಕ್ಲಾಸಿನವಳು. ಅವಳ ಅಜ್ಜ ಕುರಿ ಕಾಯುತ್ತಿದ್ದ. ಅವನ ಹೆಗಲ ಮೇಲೆ ಅಂಥದೊಂದು ಕಂಬಳಿ ಸದಾ ಇರುತ್ತಿತ್ತು. ಹೋಗಿ ಕೇಳಿದೆ. ತೂತು ಮಾಡುತ್ತೇನೆ ಎಂದರೆ ಯಾರು ಕೊಡುತ್ತಾರೆ? "ಅತಿಥಿಗಳನ್ನ ಕೂರಿಸಾಕೆ ಬೇಕಿತ್ತಜ್ಜ" ಎಂದೆ. ಕಂಬಳಿ ಹಾಸಿ ಕೂರಿಸುವುದೆಂದರೆ ಈ ಕಡೆ ದೊಡ್ಡ ಮರ್ಯಾದೆ. ಅಜ್ಜನ ಮುಖ ಅರಳಿತು. "ಒಯ್ರಿ ಮೇಷ್ಟ್ರ, ಒಳ್ಳೆ ಕೆಲಸಕ್ಕ ಅಲ್ಲೇನು" ಎಂದು ಕೊಡವಿ, ಮಡಚಿ ಕೈಗಿಟ್ಟ.

ಸೈಕಲ್ ಚಕ್ರದ ಕಡ್ಡಿಯನ್ನು ಸ್ಟವ್ ಮೇಲೆ ಕಾಸಿ ಒಂದೊಂದೇ ತೂತು ಸುಟ್ಟೆ. ಉಣ್ಣೆ ಚುರ್ರೆನ್ನುತ್ತಿತ್ತು, ರೂಮಿನ ತುಂಬ ಕೂದಲು ಸುಟ್ಟ ನಾತ. ಮೊದಲ ಐದಾರು ತೂತು ಸುಡುವಾಗ ಅಜ್ಜ ಕಣ್ಣೆದುರಿಗೇ ಇದ್ದ. ಸಪ್ತರ್ಷಿ ಮಂಡಲ ಮೂಡತೊಡಗಿದ ಮೇಲೆ ಅಜ್ಜ ಮರೆತೇ ಹೋದ.

ನಾಟಕದ ದಿನ ಕಂಬಳಿಯ ಹಿಂದೆ ಬಿಸಿಲು ಬಿದ್ದಾಗ ಜನ "ಅಬ್ಬಬ್ಬಾ" ಎಂದರು. ಬಲಮೂಲೆಯಲ್ಲಿ, ಉಳಿದವುಗಳಿಂದ ದೂರ, ದಪ್ಪನೆಯ ನಕ್ಷತ್ರವೊಂದು ಹೊಳೆಯುತ್ತಿತ್ತು. ಅದು ನಾನು ಸುಟ್ಟಿದ್ದಲ್ಲ. ಹುಳ ತಿಂದಿರಬೇಕು ಎಂದುಕೊಂಡೆ. ಹುಡುಗಿ ಅದಕ್ಕೇ ಕೈ ತೋರಿಸಿ, "ಆ ಚುಕ್ಕಿ ನೋಡ್ಕೊಂತ ಹೊಂಟ್ರ ನಮ್ಮನಿ ಸಿಗತೈತಿ" ಎಂದು ತನ್ನ ಮಾತು ಹೇಳಿ ನಡೆದಳು. "ಧ್ರುವ ನಕ್ಷತ್ರಾನೂ ಬಿಟ್ಟಿಲ್ಲ ನೋಡ್ರಿ ನಮ್ಮ ಮೇಷ್ಟ್ರು!" ಎಂದು ಹೆಡ್ ಮೇಷ್ಟ್ರು ಎಲ್ಲರೆದುರು ಹೊಗಳಿದರು. ನಾನು ನಾಚಿದವನಂತೆ ಕೈಮುಗಿದೆ. ಮುಂದಿನ ಸಾಲಿನಲ್ಲಿ ಅಜ್ಜ ಚಪ್ಪಾಳೆ ತಟ್ಟುತ್ತಿದ್ದ.

ಮರುದಿನ ಅವನು ಕಂಬಳಿ ಕೇಳಲು ಬಂದ. ನಡೆದದ್ದನ್ನು ಹೇಳುವುದು ಬಿಟ್ಟು, "ಗದ್ದಲದಾಗೆ ಯಾರೋ ಎತ್ಕೊಂಡು ಹೋಗ್ಯಾರಜ್ಜ" ಎಂದುಬಿಟ್ಟೆ. ಕಂಬಳಿ ಆಗ ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ಅಜ್ಜ ನನ್ನನ್ನೇ ನೋಡಿ, "ಹೋಗ್ಲಿ ಬಿಡ್ರಿ" ಎಂದ. ಕೊಟ್ಟೂರು ಸಂತೆಯಿಂದ ಒಂದು ಮಿಲ್ಲಿನ ಚಾದರ ತಂದುಕೊಟ್ಟೆ. ಕಂಬಳಿಯನ್ನೇ ತಂದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂಬ ಹೆದರಿಕೆ. ಎಂಥ ಹೇಡಿ ನಾನು!

ಮಳೆ ಹಿಡಿದಾಗ ಅಜ್ಜ ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಕುರಿಗಳ ಹಿಂದೆ ಹೋಗುತ್ತಿದ್ದ. "ಚಾದರ ನೀರು ಕುಡಿತೈತಂತ್ರಿ, ನಮ್ಮಜ್ಜ ಹೊದ್ಕೊಳಂಗಿಲ್ರಿ" ಎಂದು ಹುಡುಗಿ ನಾನು ಕೇಳದಿದ್ದರೂ ಹೇಳಿದಳು. ಅವನು ಎದುರು ಬಂದರೆ ಸೈಕಲ್ಲಿನ ಚೈನು ನೋಡುವವನಂತೆ ಬಗ್ಗುತ್ತಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ.

ಮುಂದಿನ ವರ್ಷವೂ ಹೆಡ್ ಮೇಷ್ಟ್ರಿಗೆ ಅದೇ ನಾಟಕ, ಅದೇ ಆಕಾಶ ಬೇಕಾಯಿತು. ಬೇಡವೆನ್ನಲು ಕಾರಣ ಹೇಳಬೇಕಲ್ಲ, ಕಟ್ಟಿದೆ. ಎಲ್ಲ ಮುಗಿದು ಕಂಬಳಿ ಇಳಿಸುತ್ತಿದ್ದಾಗ ಅಜ್ಜ ಕಟ್ಟೆಯ ಹಿಂದೆ ಬಂದು ನಿಂತ. ಬಲಮೂಲೆಯ ತೂತಿನಲ್ಲಿ ಕಿರುಬೆರಳು ತೂರಿಸಿದ.

"ಇದೊಂದು ನೀವು ಮಾಡಿದ್ದಲ್ಲ ಮೇಷ್ಟ್ರ. ನನ್ನ ಬೀಡಿ ಕಿಡಿ ಬಿದ್ದದ್ದು. ಹೋದ ವರ್ಷನ ಗುರ್ತು ಹಿಡಿದಿದ್ದೆ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲಜ್ಜ?"

"ಇವತ್ತು ಹೇಳ್ತೀರಿ, ನಾಳಿ ಹೇಳ್ತೀರಿ ಅಂತ ಸುಮ್ನಿದ್ದೆ."

ಬೈದಿದ್ದರೆ ನಾನೂ ಏನಾದರೂ ಒದರಿ ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ. ಕಂಬಳಿ ಕೈಗಿಡಲು ಹೋದರೆ, "ತೂತು ಬಿದ್ದದ್ದು ಮಳಿಗೆ ಬರಂಗಿಲ್ರಿ, ಹುಡುಗ್ರ ಆಟಕ್ಕ ಇರ್ಲಿ" ಎಂದು ಮೊಮ್ಮಗಳ ಕೈ ಹಿಡಿದು ಹೊರಟುಹೋದ.

ಆ ವಾರವೇ ಹೊಸ ಕರಿ ಕಂಬಳಿ ಕೊಂಡು ಅವನ ಮನೆಗೆ ಹೋದೆ. "ಸುಳ್ಳು ಹೇಳಿದ್ದೆ ಅಜ್ಜ, ತಪ್ಪಾತು" ಎಂದೆ. ಒಂದು ವರ್ಷ ಹೊತ್ತು ತಿರುಗಿದ್ದು ಇಷ್ಟೇ ಇಷ್ಟು ಮಾತು. ಅಜ್ಜ ಕಂಬಳಿ ಇಸಿದುಕೊಂಡ. ಮಡಿಕೆ ಬಿಚ್ಚಿ ಒಮ್ಮೆ ಕೊಡವಿದ. ಹೆಗಲಿಗೆ ಹಾಕಿಕೊಳ್ಳುತ್ತಾನೆ ಎಂದುಕೊಂಡೆ. ಪಡಸಾಲೆಯಲ್ಲಿ ಹಾಸಿದ.

"ಕುಂದರ್ರಿ ಮೇಷ್ಟ್ರ."

ಅತಿಥಿಗಳನ್ನು ಕೂರಿಸಲು ಎಂದು ಸುಳ್ಳು ಹೇಳಿ ಒಯ್ದವನು ನಾನು. ಅಂಚಿನಲ್ಲಿ ಮುದುಡಿ ಕೂತೆ.

"ಅಂಚಿನ್ಯಾಗ ಯಾಕ? ನಡುವ ಕುಂದರ್ರಿ" ಎಂದ ಅಜ್ಜ.

ನಡುವೆ ಸರಿದು ಕೂತೆ. ತಲೆ ಎತ್ತಿ ಅವನ ಮುಖ ನೋಡಲು ಆಗಲಿಲ್ಲ.