ಹತ್ತರೊಳಗಿನದು ಧೂಳು

ಲಾರಿ ತೂಗುವ ಕಾಟಾದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತವನಿಗೆ ಡ್ರೈವರುಗಳು ಇಟ್ಟ ಹೆಸರು ಟನ್ನಣ್ಣ. ಅಷ್ಟು ವರ್ಷದಲ್ಲಿ ಮೂರು ಕುರ್ಚಿ ಮುರಿದವು. ಕೂತವನು ಅಗಲವಾದನೇ ಹೊರತು ಏಳಲಿಲ್ಲ. ಅವನ ಅಣ್ಣ ನಲವತ್ತೆಂಟಕ್ಕೆ ಎದೆ ಹಿಡಿದುಕೊಂಡು ಬಿದ್ದವನು ಮತ್ತೆ ಕಣ್ಣು ತೆರೆಯಲಿಲ್ಲ. ಈಗ ಟನ್ನಣ್ಣನಿಗೂ ನಲವತ್ತೆಂಟು ನಡೆಯುತ್ತಿತ್ತು. ಹೆಂಡತಿ ಆ ಮಾತು ಎತ್ತುತ್ತಿರಲಿಲ್ಲ. ಗಂಡ ಮೆಟ್ಟಿಲು ಹತ್ತುವಾಗ ಮಾತ್ರ ಕೈಕೆಲಸ ನಿಲ್ಲಿಸಿ ಅವನ ಉಸಿರು ಎಣಿಸುತ್ತಿದ್ದಳು.

ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದವಳೂ ಅವಳೇ.

"ಕೊಬ್ಬು ಸುಮ್ನೆ ಕೂತಿರಲ್ಲ, ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೇ ಉರೀತಿರುತ್ತೆ. ನಿಮ್ಮ ರಕ್ತದಲ್ಲಿ ಆ ಉರಿಯೂತ ಕಾಣ್ತಿದೆ," ಎಂದರು ಆಕೆ. "ದಿನಾ ನಡೀರಿ. ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು, ಅಷ್ಟು ಬಿರುಸು ಸಾಕು. ಆಮೇಲೆ ಸ್ವಲ್ಪ ಸ್ವಲ್ಪ ಏರಿಸೋಣ. ಒಂದೇ ಸಲ ಮಿತಿಮೀರಿ ಮೈ ದಂಡಿಸಿದ್ರೆ ಕೆಂಡಕ್ಕೆ ಗಾಳಿ ಹಾಕಿದ ಹಾಗಾಗುತ್ತೆ."

"ನಾನು ಹಾಡಿದ್ರೆ ನೀವೇ ಎದ್ದು ಓಡ್ತೀರಿ ತಾಯಿ!"

ಮೂರು ತಿಂಗಳು ನಡೆದ. ಡಾಕ್ಟರಮ್ಮ ರಕ್ತದ ಚೀಟಿ ನೋಡಿ ಮುಖ ಅರಳಿಸಿದರು. "ಉರಿ ಇಳೀತಿದೆ ಕಣ್ರೀ! ತೂಕವೂ ಮೂರು ಕಿಲೋ ಕಮ್ಮಿ."

ಟನ್ನಣ್ಣ ನಂಬಲಿಲ್ಲ. ಮೊಹರು ಬಿದ್ದ ತನ್ನ ಕಾಟಾದ ಮೇಲೆ ನಿಂತ. ಹೊರಗಿನ ಫಲಕದ ಕೆಂಪು ಅಂಕಿ ಮೂರು ತಿಂಗಳ ಹಿಂದೆ ತೋರಿಸಿದ್ದನ್ನೇ ತೋರಿಸಿತು: ನೂರಮೂವತ್ತು. ಆ ಕಾಟಾ ಹತ್ತು ಹತ್ತು ಕಿಲೋ ಲೆಕ್ಕದಲ್ಲಿ ಎಣಿಸುವಂಥದ್ದು. ತೂಕಕ್ಕೆ ತಕರಾರು ತೆಗೆದ ಡ್ರೈವರುಗಳಿಗೆ ಅವನೇ ಹೇಳುತ್ತಿದ್ದ, "ಹತ್ತರೊಳಗಿನದು ಧೂಳು ಕಣಯ್ಯ, ಹೋಗು." ಈಗ ತನ್ನ ಮೂರು ಕಿಲೋವನ್ನೂ ಅವನು ಧೂಳಿನ ಲೆಕ್ಕಕ್ಕೇ ಸೇರಿಸಿದ.

ಮಾರನೆಯ ಬೆಳಿಗ್ಗೆ, ಕಾಟಾ ಪರೀಕ್ಷಿಸಲು ಇಟ್ಟಿದ್ದ ಇಪ್ಪತ್ತು ಕಿಲೋದ ಕಬ್ಬಿಣದ ಗುಂಡನ್ನು ಹೆಗಲಿಗೇರಿಸಿ ಲಾರಿ ಹತ್ತುವ ಇಳಿಜಾರಿನಲ್ಲಿ ಓಡಿದ. ಹತ್ತು ಸಲ. ಮರುದಿನ ಇಪ್ಪತ್ತು. ಮಂಡಿ ಬಿಸಿಯೇರಿ ಊದಿತು. ಅವನು ಅದಕ್ಕೆ ಬಟ್ಟೆ ಬಿಗಿದ.

"ಕೆಂಡಕ್ಕೆ ಗಾಳಿ ಅಂದಿದ್ರು," ಎಂದಳು ಹೆಂಡತಿ.

"ಅಣ್ಣ ಕೂತು ಕೂತೇ ಸತ್ತ. ನಾನು ಕೂರಲ್ಲ ಬಿಡೇ."

ಎಂಟನೆಯ ದಿನ ಬೆವರು ಬಸಿಯುತ್ತ ಕಾಟಾ ಹತ್ತಿದ. ನೂರಿಪ್ಪತ್ತು! ಆ ಖುಷಿಗೆ ಗುಂಡು ಹೊತ್ತು ಮತ್ತೆ ಮೂವತ್ತು ಸಲ ಓಡಿದ.

ಸಂಜೆ ತೊಡೆಗಳು ಮರದ ದಿಮ್ಮಿಯಂತೆ ಬಿಗಿದವು. ಬಚ್ಚಲಿನಲ್ಲಿ ಅವನು ಮರೆತು ನೀರು ಹಾಕದೆ ಬಿಟ್ಟ ಮೂತ್ರವನ್ನು ಹೆಂಡತಿ ಕಂಡಳು. ಹಾಲಿಲ್ಲದ ಚಹಾದ ಬಣ್ಣ. "ಉಷ್ಣ ಕಣೇ," ಎಂದು ಗೋಡೆಯತ್ತ ತಿರುಗಿ ಮಲಗಿದ. ಮರುದಿನವೂ ಅದೇ ಬಣ್ಣ, ಅದೂ ನಾಲ್ಕೇ ಹನಿ. ಕುಡಿದ ನೀರೆಲ್ಲ ಎಲ್ಲಿಗೆ ಹೋಯಿತೋ! ಆದರೂ ಗೋಡೆ ಹಿಡಿದುಕೊಂಡು ಕೆಲಸಕ್ಕೆ ಹೋದ. ಅವಳು ಹಿಂದೆಯೇ ಬಂದಳು.

ಅವಳು ತಲುಪುವ ಹೊತ್ತಿಗೆ ಅವನಿಗೆ ಕುರ್ಚಿಯಿಂದ ಏಳಲಾಗುತ್ತಿರಲಿಲ್ಲ. ಮುಖ ಊದಿತ್ತು. ಕಾಟಾದ ಮೇಲೆ ಜಲ್ಲಿಯ ಲಾರಿಯೊಂದು ನಿಂತಿತ್ತು.

"ಅಣ್ಣಾ, ಆಸ್ಪತ್ರೆಗೆ ನಡಿ!" ಎಂದು ಅವಳು ಡ್ರೈವರನನ್ನು ಕೂಗಿದಳು. ಇಬ್ಬರೂ ಸೇರಿ ಗಂಡನನ್ನು ಲಾರಿಯವರೆಗೆ ತಂದರು. ಡ್ರೈವರ್ ಮೇಲೆ ಹತ್ತಿ ಎಳೆದ, ಅವಳು ಕಾಟಾದ ಅಂಚಿನ ಹೊರಗೆ ನಿಂತು ತಳ್ಳಿದಳು. ಟನ್ನಣ್ಣ ಸೀಟಿಗೆ ಬಿದ್ದು, ರೂಢಿಯಂತೆ ಫಲಕ ನೋಡಿದ. ತಾನು ಹತ್ತುವ ಮುಂಚೆ ಹದಿನಾಲ್ಕು ಸಾವಿರದ ಇನ್ನೂರು. ಈಗ ಹದಿನಾಲ್ಕು ಸಾವಿರದ ಮುನ್ನೂರ ಮೂವತ್ತು.

"ನೂರಮೂವತ್ತು," ಎಂದ. ಇಳಿದದ್ದೆಲ್ಲ ಹೊರಗೆ ಹೋಗದ ನೀರಾಗಿ ಮೈಯೊಳಗೆ ಮರಳಿ ಬಂದಿತ್ತು.

ಅವಳೂ ಹತ್ತಿ ಪಕ್ಕದಲ್ಲಿ ಕೂತು, ಅವನ ಉಸಿರು ಎಣಿಸತೊಡಗಿದಳು.